ಸಕ್ರಪ್ಪನ ಲೇಪ

ಶಿಗ್ಲಿಯ ಸಕ್ರಪ್ಪ ಬಿಳಿ ಮಚ್ಚೆಗೆ ಔಷಧ ಕೊಡುವುದರಲ್ಲಿ ಹೆಸರಾದವನು. ಬಾವಂಚಿ ಬೀಜ ಅರೆದು ಲೇಪ ಮಾಡಿ ಕೊಟ್ಟು, ಹಚ್ಚಿಕೊಂಡು ಬಿಸಿಲಿಗೆ ಕೂರಲು ಹೇಳುತ್ತಿದ್ದ. ಬದನೆಕಾಯಿ ಬಿಡಬೇಕು, ಮೀನು ಬಿಡಬೇಕು, ಮುಖ್ಯವಾಗಿ ದವಾಖಾನೆ ಬಿಡಬೇಕು. ವಾಸಿಯಾದರೆ ಅವನ ಕೈಗುಣ, ಆಗದಿದ್ದರೆ ರೋಗಿ ಪಥ್ಯ ಮುರಿದಿದ್ದಾನೆ. ಇಂಥ ವೈದ್ಯನಿಗೆ ಸೋಲು ಎಲ್ಲಿಂದ ಬರಬೇಕು?

ಬಂತು, ಅವನ ಕುತ್ತಿಗೆಯ ಮೇಲೆಯೇ ಬಂತು. ಒಂದು ಬೆಳಿಗ್ಗೆ ಕನ್ನಡಿಯಲ್ಲಿ ರೂಪಾಯಿ ಅಗಲದ ಬಿಳಿ ಮಚ್ಚೆ ಕಂಡಿತು. ಯಾರಿಗೂ ಹೇಳದೆ ತನ್ನ ಲೇಪವನ್ನೇ ಹಚ್ಚಿಕೊಂಡು ಹಿತ್ತಿಲಲ್ಲಿ ಬಿಸಿಲಿಗೆ ಕೂತ. ಚರ್ಮ ಬೊಬ್ಬೆ ಎದ್ದು ಒಡೆಯಿತು, ಮಚ್ಚೆ ಇನ್ನಷ್ಟು ಹಬ್ಬಿತು. ಸೆಕೆಯಲ್ಲೂ ಕುತ್ತಿಗೆಗೆ ಟವೆಲು ಸುತ್ತಿಕೊಂಡು ಓಡಾಡಿದ. ಕೊನೆಗೆ, ಲಕ್ಷ್ಮೇಶ್ವರದಲ್ಲಾದರೆ ಗುರುತಿನವರು ಸಿಗುತ್ತಾರೆಂದು ಗದಗಿನ ಬಸ್ಸು ಹತ್ತಿದ. ಹೊಸ ಜಿಲ್ಲೆಯಾದ ಮೇಲೆ ಅಲ್ಲಿ ಚರ್ಮದ ಡಾಕ್ಟರರಿಗೇನೂ ಬರವಿರಲಿಲ್ಲ.

ದವಾಖಾನೆಯ ಬೆಂಚಿನ ಮೇಲೆ ಕೂತಿದ್ದವಳು ಅಡರಕಟ್ಟಿಯ ರಸೂಲಬಿ. ಮಚ್ಚೆ ಹೋಗಲೆಂದು ವರ್ಷವಿಡೀ ಇವನ ಲೇಪ ಹಚ್ಚಿಕೊಂಡು ಎರಡೂ ಕೈ ಸುಟ್ಟುಕೊಂಡವಳು. ಸಕ್ರಪ್ಪ ಬಂದ ದಾರಿಗೇ ತಿರುಗಬೇಕೆನ್ನುವಷ್ಟರಲ್ಲಿ ಅವಳೇ ಎದ್ದು ನಿಂತು ಸೆರಗು ಹೊದ್ದಳು, ಕದ್ದು ಸಿಕ್ಕಿಬಿದ್ದವಳ ಹಾಗೆ.

“ತಪ್ಪಾತ್ರಿ ಅಜ್ಜಾರ. ನಿಮಗ ಹೇಳದ ಬಂದೆ. ಮೈಯೆಲ್ಲಾ ಬಾತು, ಥಂಡಿ ತಡಕೊಳ್ಳಾಕ ಆಗ್ತಿರಲಿಲ್ಲ. ರಕ್ತಾ ತಗದು ನೋಡ್ಯಾರ. ಮೈ ಕಾಯೋ ಶಕ್ತಿನ ತಿರುಗಿ ಬಿದ್ದು ಗಂಟಲದಾಗಿನ ಥೈರಾಯ್ಡ್ ಕೆಡಿಸೈತಂತ, ಚರ್ಮದ ಬಣ್ಣಾನೂ ತಿಂದೈತಂತ. ಇವತ್ತಿಂದ ಗುಳಿಗಿ ಚಾಲೂ ಮಾಡ್ತಾರ. ಮಚ್ಚಿಗೆ ಬ್ಯಾರೆ ಮುಲಾಮು.”

ನಾಚಿಕೆಯಿಂದ ಅವಳ ದನಿ ಇಳಿಯಿತು. “ನೀವ್ಯಾಕ ಬಂದ್ರಿ ಇಲ್ಲಿಗೆ?”

“ಗುರುತಿನವರೊಬ್ಬರು ಅದಾರ, ನೋಡಾಕ ಬಂದೆ.” ಸುಳ್ಳು ಸಲೀಸಾಗಿ ಬಂತು.

“ಹಂಗಾದ್ರ ನೀವ ಹೇಳ್ರಿ. ಗುಳಿಗಿ ಬ್ಯಾಡಂದ್ರ ಈಗ ಎದ್ದು ಹೋಗ್ತೀನಿ. ನಿಮ್ಮ ಮಾತು ಮೀರಿದೆ ಅಂತ ನಿದ್ದಿ ಇಲ್ಲ ನನಗ.”

ಸಕ್ರಪ್ಪ ಕುತ್ತಿಗೆಯ ಟವೆಲನ್ನು ಇನ್ನಷ್ಟು ಬಿಗಿದುಕೊಂಡ. ಬೇಕು ಎಂದರೆ ತನ್ನ ಮಾನ ಹೋಗುತ್ತದೆ, ಬೇಡ ಎಂದರೆ ಈ ಹೆಂಗಸಿನ ಜೀವಕ್ಕೇ ಕುತ್ತು. ಇದರಲ್ಲಿ ಯೋಚಿಸುವುದೇನಿತ್ತು? ಆದರೂ ಯೋಚಿಸಿದ, ಪುಣ್ಯಾತ್ಮ. ಅವನ ಮೌನವನ್ನು ಬೇಡವೆಂದೇ ತಿಳಿದ ರಸೂಲಬಿ ಚೀಲ ಎತ್ತಿಕೊಂಡು ಹೊರಟಳು. ಕಾಲು ಬಾತಿದ್ದವು. ಅಷ್ಟು ಸಣ್ಣ ಅಂಗಳ ದಾಟಲೂ ಅವಳು ನಡುವೆ ನಿಂತು ಉಸಿರು ತೆಗೆದುಕೊಂಡಳು. ಅವಳ ಬೆನ್ನು ನೋಡುತ್ತಾ ಸಕ್ರಪ್ಪನಿಗೆ ತನ್ನ ಮೇಲೆ ತನಗೇ ಹೇಸಿಗೆ ಬಂತು.

“ರಸೂಲಬಿ, ನಿಲ್ಲವ್ವ.”

ಹಿಂದೆಯೇ ಹೋಗಿ, ಎಲ್ಲರ ಎದುರಿಗೇ ಟವೆಲು ತೆಗೆದ. “ನಾನೂ ತೋರಸಾಕ ಬಂದೀನಿ. ನಿನಗ ಕೊಟ್ಟದ್ದನ್ನ ನಾನೂ ಹಚ್ಕೊಂಡೆ, ಹಿಂಗಾತು. ನನಗ ಈ ರೋಗ ತಿಳಿದಿಲ್ಲವ್ವ. ನೀ ಒಳಗ ನಡಿ, ಗುಳಿಗಿ ತಗೋ.”

ಬೆಂಚಿನವರೆಲ್ಲ ಇತ್ತ ತಿರುಗಿದರು. ಸಕ್ರಪ್ಪ ತಲೆ ಬಗ್ಗಿಸಿ ನಿಂತ. ಅವಳು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ರಸೂಲಬಿ ಹತ್ತಿರ ಬಂದು ಒಡೆದ ಚರ್ಮವನ್ನು ದಿಟ್ಟಿಸಿ ನೋಡಿದಳು.

“ಭಾಳ ಉರಿತೈತೇನ್ರಿ ಅಜ್ಜಾರ?”

ಅವಳ ಕೈ ಸುಟ್ಟಾಗ ಅವನು ಇಷ್ಟನ್ನೂ ಕೇಳಿರಲಿಲ್ಲ.