ಒಂಬತ್ತನೇ ವರ್ಗದ ಕೈಪಟ್ಟಿ

ಹಸಿರು, ಇನ್ನೂ ಹಸಿರೇ, ನೀರಿನ ಲೋಟಕ್ಕೆ ಒರಗಿಸಿಟ್ಟ ಫೋನಿನ ಮೇಲೆ ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ, ಅದರ ಪಕ್ಕ ಎಪ್ಪತ್ತೆರಡು, ಈಗ ಎಪ್ಪತ್ತಮೂರು, ಮತ್ತೆ ಎಪ್ಪತ್ತೆರಡು — ಅಂದರೆ ಮನೆಯಲ್ಲಿ ಅಮ್ಮನ ಎದೆ ಬಡಿಯುತ್ತಿದೆ, ಎಷ್ಟು ಬೇಕೋ ಅಷ್ಟೇ, ಹಾಗಿದ್ದ ಮೇಲೆ ಫೋನ್ ಎತ್ತದಿದ್ದರೆ ಏನಂತೆ, ಹನ್ನೊಂದಕ್ಕೆ ಎತ್ತಲಿಲ್ಲ, ಒಂದಕ್ಕೆ ಎತ್ತಲಿಲ್ಲ, ಸ್ನಾನಕ್ಕೆ ಹೋಗಿರಬೇಕು, ಮಲಗಿರಬೇಕು, ಅಮ್ಮನಿಗೂ ಫೋನಿಗೂ ಮೊದಲಿನಿಂದ ಅಷ್ಟಕ್ಕಷ್ಟೇ, ಮನುಷ್ಯರು ಬಾಗಿಲು ತಟ್ಟಿದ್ರೆ ತೆಗೀತೀನಿ, ಅದು ಬಡ್ಕೊಂಡ್ರೆ ನಾನ್ಯಾಕೆ ಏಳ್ಲಿ ಅನ್ನುವವಳು. ಇರಲಿ, ಕೆಲಸ ಮುಗಿಯಲಿ. ಎದುರಿನ ಪರದೆಯಲ್ಲಿ ಗಿರಾಕಿಯ ಸರಕಿನ ಹೆಸರು ನೋಂದಾಯಿಸುವ ಅರ್ಜಿ ತೆರೆದು ಕೂತಿದೆ, ಹೆಸರು ತುಂಬಿದ್ದಾಯಿತು, ವಿಳಾಸ ತುಂಬಿದ್ದಾಯಿತು, ಉಳಿದದ್ದು ಒಂದೇ ಖಾನೆ, ವರ್ಗ, ಅದರೊಳಗೆ ಒಂದು ಗೆರೆ ಮಿಣುಕುತ್ತಾ ಏನಮ್ಮ ನಿನ್ನ ತೀರ್ಮಾನ ಎಂದು ಕೇಳುತ್ತಿದೆ. ಜಗತ್ತಿನಲ್ಲಿ ಮಾರುವ ವಸ್ತು ಕೋಟಿ ಇರಲಿ, ಟ್ರೇಡ್‌ಮಾರ್ಕಿನವರಿಗೆ ಇರುವುದು ನಲವತ್ತೈದೇ ವರ್ಗ, ಸೋಪು ಮೂರು, ಗಾಡಿ ಹನ್ನೆರಡು, ಬಟ್ಟೆ ಇಪ್ಪತ್ತೈದು, ಹದಿನಾಲ್ಕು ವರ್ಷದಿಂದ ಇದನ್ನೇ ಮಾಡಿ ಮಾಡಿ ಅವಳಿಗೆ ಯಾವ ವಸ್ತು ಕಂಡರೂ ಮೊದಲು ತೋಚುವುದು ಅದರ ಸಂಖ್ಯೆ, ಅಕ್ಕ ಹೆತ್ತಾಗ ನೋಡಲು ಹೋಗಿ ಮಗುವಿನ ಮುಖಕ್ಕಿಂತ ಮುಂಚೆ ತೊಟ್ಟಿಲು ನೋಡಿ ಇಪ್ಪತ್ತು ಅಂದಿದ್ದಳಂತೆ, ಅಕ್ಕ ಇವತ್ತಿಗೂ ಅದನ್ನು ನಾಲ್ಕು ಜನರ ಮುಂದೆ ಹೇಳಿ ನಗುತ್ತಾಳೆ.

ಇದೊಂದಕ್ಕೆ ಮಾತ್ರ ತಡವರಿಕೆ. ಕೈಗೆ ಕಟ್ಟುವ ಪಟ್ಟಿ, ಎದೆಬಡಿತ ನೋಡುತ್ತದೆ, ಬಡಿತ ತಪ್ಪಿದರೆ, ಕಟ್ಟಿಕೊಂಡವರು ಬಿದ್ದರೆ, ಮನೆಯವರ ಫೋನಿನಲ್ಲಿ ಚುಕ್ಕೆ ಕೆಂಪಾಗಿ ಬೊಬ್ಬೆ ಹೊಡೆಯುತ್ತದೆ — ಹಾಗಂತ ಇದನ್ನು ಮಾಡಿಸಿದವನು ಹೇಳುವುದು, ಕಚೇರಿಯಲ್ಲಿ ಎಲ್ಲರೂ ನಗುಮುಖ ಎಂದೇ ಕರೆಯುವ ಆ ಗಿರಾಕಿ, ಮಲಗಿದರೂ ನಗುತ್ತಾನೇನೋ ಪುಣ್ಯಾತ್ಮ. ಇದು ಹತ್ತನೇ ವರ್ಗಕ್ಕೆ ಸೇರಬೇಕಾದದ್ದು, ವೈದ್ಯಕೀಯ ಉಪಕರಣಗಳ ವರ್ಗಕ್ಕೆ, ಅವಳು ಮೊದಲ ದಿನವೇ ಅಂದಳು, ಅಂದಾಗ ಅವನು ನಗುತ್ತಲೇ ಕುರ್ಚಿ ಮುಂದಕ್ಕೆಳೆದುಕೊಂಡ, ಹತ್ತು ಬೇಡ ಮೇಡಂ, ವೈದ್ಯಕೀಯ ಅನ್ನೋ ಪದಾನೇ ಬೇಡ, ಅದನ್ನ ನಾವೇ ಕೈಯಾರೆ ಬರ್ದುಕೊಟ್ರೆ ನಾಳೆ ಯಾರೋ ಒಬ್ರು ಪರೀಕ್ಷೆ ಮಾಡ್ಸಿದ್ದೀರಾ, ಎಲ್ಲಿ ತೋರ್ಸಿ ಅಂತ ಬರ್ತಾರೆ. ಮಾಡಿಸಿದ್ದೀರಾ ಎಂದು ಅವಳು ಕೇಳಬೇಕಿತ್ತು, ಕೇಳಲಿಲ್ಲ, ಅದು ನಮ್ಮ ಕೆಲಸ ಅಲ್ಲಮ್ಮ, ಕಚೇರಿಯ ಯಜಮಾನರು ಅವಳು ಸೇರಿದ ವಾರದಲ್ಲೇ ಹೇಳಿಕೊಟ್ಟ ಪಾಠ, ನಾವು ಡಬ್ಬಿ ಮೇಲೆ ಚೀಟಿ ಅಂಟಿಸೋರು, ಒಳಗೆ ಉಪ್ಪಿದ್ಯೋ ಸಕ್ಕರೆ ಇದ್ಯೋ ನೆಕ್ಕಿ ನೋಡೋರಲ್ಲ. ಹಾಗಾದ್ರೆ ಒಂಬತ್ತಕ್ಕೆ ಹಾಕೋಣ ಎಂದವಳು ಅವಳೇ, ಒಂಬತ್ತು ದೊಡ್ಡ ಛತ್ರ, ಕಂಪ್ಯೂಟರು, ಕ್ಯಾಮೆರಾ, ತಕ್ಕಡಿ ಎಲ್ಲಕ್ಕೂ ಅಲ್ಲೇ ಜಾಗ, ಬಂದವರನ್ನು ಯಾರು ಎಂದು ಯಾರೂ ಕೇಳುವುದಿಲ್ಲ, ವಿವರಣೆಯನ್ನೂ ಅವಳೇ ಹೆಣೆದು ಕೊಟ್ಟಳು, ಸಾಮಾನ್ಯ ಬಳಕೆಯ ಅಳತೆ ಸಾಧನ, ವೈದ್ಯಕೀಯ ಉದ್ದೇಶಕ್ಕಲ್ಲ, ಹಾವೂ ಸಾಯಲಿಲ್ಲ ಕೋಲೂ ಮುರಿಯಲಿಲ್ಲ. ಓದಿ ನೋಡಿದವನ ನಗು ಕಿವಿ ಮುಟ್ಟಿತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದ್ರಿ ಮೇಡಂ, ಎಂದು ಚೀಲದಿಂದ ಎರಡು ಪಟ್ಟಿ ತೆಗೆದು ಮೇಜಿನ ಮೇಲಿಟ್ಟ, ಮನೇಲಿ ವಯಸ್ಸಾದೋರು ಇದ್ದಾರಾ.

ಇದ್ದಾಳೆ, ಅಮ್ಮ ಇದ್ದಾಳೆ, ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಬಿದ್ದು ಗಂಟೆಗಟ್ಟಲೆ ತಣ್ಣನೆಯ ನೆಲದ ಮೇಲೆ ಇದ್ದವಳು, ನಲ್ಲಿ ಹಾಗೇ ಸುರಿಯುತ್ತಿತ್ತು, ಅವಳ ಸೆರಗು ನೀರಲ್ಲಿ ತೇಲುತ್ತಿತ್ತು. ಎದೆಬಡಿತ ಮಧ್ಯೆಮಧ್ಯೆ ನಿಂತುಹೋಗುತ್ತೆ, ಡಾಕ್ಟರು ಹೇಳಿದ್ದು, ಒಬ್ಬರನ್ನೇ ಬಿಡಬೇಡಿ, ಬಿದ್ದ ಹತ್ತು ನಿಮಿಷದೊಳಗೆ ಯಾರಾದ್ರೂ ನೋಡ್ಬೇಕು, ಆಮೇಲೆ ನಮ್ಮ ಕೈಲಿಲ್ಲ. ಅದಕ್ಕೇ ಆಯಾ ಬಂದಳು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಹೆಂಗಸು, ಬಚ್ಚಲ ಬಾಗಿಲ ಹೊರಗೂ ಮಣೆ ಹಾಕಿಕೊಂಡು ಕೂರುವವಳು, ಅಮ್ಮನಿಗೆ ಅದೇ ಆಗದು, ಆಯಾ ಫ್ಯಾನ್ ಹಾಕಿದರೆ ಅಮ್ಮ ಆರಿಸುವುದು, ಅಮ್ಮ ಆರಿಸಿದರೆ ಆಯಾ ಹಾಕುವುದು, ಸಂಜೆ ಮನೆಗೆ ಬಂದರೆ ಇಬ್ಬರದೂ ಒಂದೊಂದು ಚಾಡಿ. ಸೋಮವಾರ ಆಯಾಳನ್ನು ಕಳಿಸಿಬಿಟ್ಟಳು, ಅಮ್ಮನಲ್ಲ, ಅವಳೇ, ಇನ್ನು ಬೇಡಮ್ಮ, ಪಟ್ಟಿ ಇದೆ, ಆಯಾ ಹೊಸ್ತಿಲಲ್ಲಿ ನಿಂತು ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾ, ಬಿದ್ರೆ ಪಟ್ಟಿ ಎತ್ತಿ ಕೂರ್ಸುತ್ತಾ ಅಕ್ಕಾ ಅಂದಳು, ಅಷ್ಟೇ ಅಂದಳು. ಇವತ್ತು ಗುರುವಾರ, ಅಮ್ಮ ಒಬ್ಬಳೇ ಇರುವ ನಾಲ್ಕನೇ ದಿನ. ಮೊದಲ ದಿನ ಕಚೇರಿಯಿಂದ ಹೋದಾಗ ಅಮ್ಮನ ಕೈ ಬರಿದಾಗಿತ್ತು, ಪಟ್ಟಿ ಊಟದ ಮೇಜಿನ ಕುರ್ಚಿಯ ಕಾಲಲ್ಲಿತ್ತು, ಅಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದಳು, ನೋಡೇ ಎಷ್ಟು ಹಸಿರಾಗಿದೆ, ನಮ್ಮನೆ ಕುರ್ಚಿಗೂ ಜೀವ ಬಂತು, ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಪೈಕಿ ಕಣೇ ನೀನು. ಕುರ್ಚಿಯ ಕಾಲು, ಹಸಿರು ಚುಕ್ಕೆ. ಅವಳಿಗೆ ನಗು ಬರಲಿಲ್ಲ, ಸಿಟ್ಟು ಬಂತು, ಆಟ ಆಡ್ಬೇಡ ಅಮ್ಮ ಎಂದು ಬಿಚ್ಚಿ ಕೈಗೆ ಬಿಗಿಯಾಗಿ ಕಟ್ಟಿದಳು, ಮರುದಿನ ನಗುಮುಖವನ್ನು ಕೇಳಿದ್ದಕ್ಕೆ, ಎರಡು ನಿಮಿಷ ತಡ ಮೇಡಂ, ಬಿಚ್ಚಿದ ತಕ್ಷಣ ಗೊತ್ತಾಗಲ್ಲ, ಎರಡು ನಿಮಿಷ ಬಿಟ್ಟು ಕೆಂಪಾಗುತ್ತೆ, ಅವಳು ನಂಬಿದಳು, ನಂಬುವುದಕ್ಕೆ ಅನುಕೂಲವಾಗಿತ್ತು, ನಂಬಿದಳು.

ನಾಲ್ಕು ಗಂಟೆಯೊಳಗೆ ಅರ್ಜಿ ಹಾಕಿಬಿಡಮ್ಮ, ಒಳಗಿನ ಕೋಣೆಯಿಂದ ಯಜಮಾನರು, ನಾಳೆ ಅವ್ರ ಪಟ್ಟಿ ಮಾರುಕಟ್ಟೆಗೆ ಬಿಡುಗಡೆ. ಹಾಕ್ತೀನಿ ಸರ್. ಮೂರೂ ಹತ್ತು. ಹಾಕುವ ಮುಂಚೆ ಇನ್ನೊಂದು ಸಲ ಹುಡುಕಿ ನೋಡುವುದು ಅವಳ ಚಾಳಿ, ಇದೇ ಹೆಸರನ್ನು ಬೇರೆ ಯಾರಾದರೂ ನೋಂದಾಯಿಸಿಕೊಂಡಿದ್ದಾರೆಯೇ, ಒಂಬತ್ತರಲ್ಲಿ ಇಲ್ಲ, ಹತ್ತರಲ್ಲಿ ಇಲ್ಲ, ಅಲ್ಲಿಗೆ ಸಾಕು, ಆದರೂ ಬೆರಳು ಸುಮ್ಮನಿರದೆ ಎಲ್ಲ ವರ್ಗ ಎಂಬುದನ್ನು ಒತ್ತಿತು, ಚಕ್ರ ಸುತ್ತಿತು, ಸುತ್ತಿತು, ಒಂದು ಸಾಲು ಬಂತು. ಇಪ್ಪತ್ತೆಂಟು. ಅದೇ ಹೆಸರು, ಅಕ್ಷರಗಳ ಅದೇ ಬಾಗು, ಆರು ವರ್ಷದ ಹಿಂದಿನ ಅರ್ಜಿ, ಈಗ ಊರ್ಜಿತದಲ್ಲಿಲ್ಲ, ಮಾಲೀಕ — ಅವನೇ, ವಿಳಾಸ ಅದೇ, ಮೂರನೇ ಮಹಡಿ. ಇಪ್ಪತ್ತೆಂಟು ಅಂದರೆ ಆಟಿಕೆ. ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಆದರೂ ಓದಿದಳು, ಗೊಂಬೆಯ ಕೈಗೆ ಕಟ್ಟುವ ಆಟದ ಪಟ್ಟಿ, ಹಸಿರು ದೀಪ ಮತ್ತು ತನ್ನಷ್ಟಕ್ಕೆ ಬದಲಾಗುವ ಅಂಕಿಗಳೊಂದಿಗೆ. ಇರಬಹುದು, ಒಂದೇ ಹೆಸರಲ್ಲಿ ಎರಡು ಸರಕು ಮಾಡಬಾರದೆಂದೇನಿಲ್ಲ, ಮೊದಲು ಆಟಿಕೆ ಮಾಡಿದ, ಆಮೇಲೆ ನಿಜವಾದದ್ದನ್ನು ಮಾಡಿದ, ಹೆಸರು ಉಳಿಸಿಕೊಂಡ, ಇರಬಹುದಲ್ಲ — ಚಿತ್ರ ತೆರೆದುಕೊಂಡಿತು, ಗೊಂಬೆಯ ಗುಲಾಬಿ ಕೈ, ಅದರ ಸುತ್ತ ಪಟ್ಟಿ, ಅದೇ ಕೊಂಡಿ, ಕೊಂಡಿಯ ಪಕ್ಕ ಅದೇ ಸಣ್ಣ ತಗ್ಗು, ಅಮ್ಮನ ಕೈಗೆ ಕಟ್ಟುವಾಗ ಅವಳ ಉಗುರು ಸಿಕ್ಕಿಕೊಂಡಿದ್ದ ತಗ್ಗು. ಫೋನಿನಲ್ಲಿ ಹಸಿರು, ಎಪ್ಪತ್ತೊಂದು.

ಮನೆಗೆ ಫೋನ್, ರಿಂಗಾಗುತ್ತಿದೆ, ಎತ್ತಮ್ಮ, ರಿಂಗಾಗುತ್ತಿದೆ, ಕೆಳಗಿನ ಮನೆಯವರು ಊರಲ್ಲಿಲ್ಲ, ಅಕ್ಕ ಇರುವುದು ಎರಡು ಗಂಟೆ ದೂರ, ಇಲ್ಲಿಂದ ಅವಳೇ ಹೊರಟರೂ ನಲವತ್ತು ನಿಮಿಷ, ಡಾಕ್ಟರು ಅಂದದ್ದು ಹತ್ತು, ಹನ್ನೊಂದು ಗಂಟೆಯಿಂದ ಎಷ್ಟು ಹತ್ತು ನಿಮಿಷಗಳಾದವು, ಲೆಕ್ಕ ಮಾಡಬೇಡ. ಕೈ ಮಾತ್ರ ತನ್ನ ಪಾಡಿಗೆ ಮೇಜಿನ ಖಾನೆ ಎಳೆದಿದೆ, ಎರಡನೇ ಪಟ್ಟಿ, ಇನ್ನೂ ಕವರಿನಲ್ಲೇ ಇದ್ದದ್ದು, ಹಲ್ಲಿನಲ್ಲಿ ಕವರು ಹರಿದು, ಬಗ್ಗಿ, ಕಚೇರಿಯ ಕುರ್ಚಿಯ ಕಬ್ಬಿಣದ ಕಾಲಿಗೆ ಕಟ್ಟಿದಳು, ಕೊಂಡಿ ಕಟಕ್ ಎಂದಿತು, ಫೋನಿನಲ್ಲಿ ಅಮ್ಮನ ಚುಕ್ಕೆಯ ಕೆಳಗೆ ಇನ್ನೊಂದು ಚುಕ್ಕೆ ಹುಟ್ಟಿತು. ಹಸಿರು. ಎರಡು ನಿಮಿಷ ಅಂದಿದ್ದಾನೆ, ಎರಡು ನಿಮಿಷ ಕಾದರೆ ಕೆಂಪಾಗುತ್ತದೆ, ಕೆಂಪಾಗು, ಕುರ್ಚಿ ಸತ್ತಿದೆ ಎಂದು ಹೇಳು, ಹೇಳಿಬಿಟ್ಟರೆ ಅಮ್ಮ ಬದುಕಿದ್ದಾಳೆ, ಸ್ನಾನ ಮುಗಿಸಿ ಫ್ಯಾನ್ ಆರಿಸಿ ಮಲಗಿದ್ದಾಳೆ, ಸಂಜೆ ಹೋಗಿ ಕಾಲು ಹಿಡಿದು ಆಯಾಳನ್ನು ವಾಪಸ್ ಕರೆಯುತ್ತೇನೆ. ಗೋಡೆಯ ಗಡಿಯಾರದಲ್ಲಿ ಒಂದು ನಿಮಿಷ. ಮನೆಯಲ್ಲಿ ರಿಂಗಾಗಿ ನಿಂತಿತು, ಮತ್ತೆ ಮಾಡಿದಳು. ಎರಡು ನಿಮಿಷ. ಮೂರು. ಹಾಕಿದ್ಯೇನಮ್ಮ, ಒಳಗಿನ ಕೋಣೆಯಿಂದ, ಒಂಬತ್ತು ತಾನೆ. ನಾಲ್ಕು. ಚೀಲ ಹೆಗಲಿಗೆ ಬಂದಿದೆ, ಕಾಲು ಬಾಗಿಲ ಕಡೆ ತಿರುಗಿದೆ, ಓಡಬೇಕು, ಓಡುತ್ತಾಳೆ, ಇನ್ನೊಂದು ಕ್ಷಣ, ಕಣ್ಣು ಕಿತ್ತುಕೊಳ್ಳಲು ಆಗುತ್ತಿಲ್ಲ, ಮೇಲಿನದು ಎಪ್ಪತ್ತೆರಡು, ಕೆಳಗಿನದು ಎಪ್ಪತ್ತೆರಡು, ಮೇಲಿನದು ಎಪ್ಪತ್ತಮೂರು, ಕೆಳಗಿನದು ಎಪ್ಪತ್ತಮೂರು, ಎರಡೂ ಒಟ್ಟಿಗೆ, ಒಂದು ಗಳಿಗೆಯೂ ಹಿಂದೆಮುಂದೆ ಇಲ್ಲದೆ, ಎಪ್ಪತ್ತೆರಡು, ಅಮ್ಮ, ಎಪ್ಪತ್ತೆರಡು, ಕುರ್ಚಿ, ಹಸಿರು, ಹಸಿರು