ಕ್ಯಾಮೆರಾ ಹಿಡಿದವರು ಯಾರು?

ಹೊಲಿಗೆ ಯಂತ್ರ ನಿಲ್ಲಿಸಿದಾಗಲೆಲ್ಲ ದರ್ಜಿಯಮ್ಮನಿಗೆ ಒಳಕೋಣೆಯಿಂದ ಮಗಳ ಪಿಸುಮಾತು ಕೇಳುತ್ತಿತ್ತು.

"ನೀರು ಮುಗಿದಿದೆ. ಆದ್ರೂ ನಾನು ಸೋಲಲ್ಲ."

ಇಣುಕಿ ನೋಡಿದರೆ ಹದಿನಾಲ್ಕರ ಹುಡುಗಿ ಖಾಲಿ ಗೋಡೆಯತ್ತ ಮುಖ ಮಾಡಿ ಒಬ್ಬಳೇ ಕೂತಿದ್ದಾಳೆ! ಫೋನ್ ಅಮ್ಮನ ಮೇಜಿನ ಮೇಲೇ ಇದೆ. ಹಾಗಾದರೆ ಮಾತು ಯಾರ ಜೊತೆ?

ಅಷ್ಟರಲ್ಲಿ ಪಕ್ಕದ ಮನೆಯ ನರ್ಸ್ ಬಿಗಿಯಾದ ತನ್ನ ಕೋಟನ್ನು ಸಡಿಲ ಮಾಡಿಸಲು ಹಿಡಿದು ಬಂದಳು. ಬೀದಿಯವರೆಲ್ಲ ಅವಳನ್ನು ಸೂಜಿಯಕ್ಕ ಅಂತಲೇ ಕರೆಯುವುದು. ದರ್ಜಿಯಮ್ಮ ಮೆಲ್ಲನೆ ವಿಷಯ ಹೇಳಿದಳು.

"ಅವಳು ಟೀವಿಲಿ ಏನು ನೋಡ್ತಾಳೆ?" ಸೂಜಿಯಕ್ಕ ಕೇಳಿದಳು.

"ಅದೇ, ಕಾಡಲ್ಲಿ ಬಿಟ್ಟು ಬದುಕಿ ತೋರಿಸಿ ಅಂತಾರಲ್ಲ, ಆ ಶೋ. ನಾನೇ ನೋಡು ಅಂದೆ. ಅತ್ತೆ ಸೊಸೆ ಜಗಳಕ್ಕಿಂತ ವಾಸಿ ಅಲ್ವಾ? ಧೈರ್ಯ ಬರುತ್ತೆ."

"ನೀನು ಪಕ್ಕ ಕೂತು ನೋಡಿದ್ದೀಯಾ?"

"ನನಗೆಲ್ಲಿ ಪುರುಸೊತ್ತು ಹೇಳು! ನಿನ್ನ ಕಣ್ಣಿಗಂತೂ ಎಲ್ಲದರಲ್ಲೂ ರೋಗಾನೇ ಕಾಣುತ್ತೆ."

ಆಗಲೇ ಪಿಸುಮಾತು ನಿಂತುಹೋಗಿದ್ದು ಇಬ್ಬರಿಗೂ ಗೊತ್ತಾಯಿತು. ಒಳಗೆ ಹುಡುಗಿ ಇರಲಿಲ್ಲ. ಹಿಂಬಾಗಿಲು ತೆರೆದಿತ್ತು, ಚಪ್ಪಲಿ ಹೊಸ್ತಿಲಲ್ಲೇ ಇದ್ದವು.

ಮನೆಯ ಹಿಂದೆ ಮುಚ್ಚಿಹೋದ ಹಳೆಯ ಮಿಲ್ಲು. ಹೊರಗೆ ಸುಡು ಬಿಸಿಲು, ಒಳಗೆ ಕತ್ತಲು. ಇಬ್ಬರೂ ಅಲ್ಲಿಗೇ ಓಡಿ ಕಾಲಿಟ್ಟ ಕೂಡಲೇ ಎಲ್ಲಿಂದಲೋ ಆ ದನಿ:

"ನನ್ನನ್ನ ಹುಡುಕಿಕೊಂಡು ಯಾರೋ ಬರ್ತಿದ್ದಾರೆ. ಇಬ್ಬರು."

ಮೂಲೆಯಲ್ಲಿ ಮಗಳು ಮುದುಡಿ ಕೂತಿದ್ದಳು. ತುಟಿ ಒಡೆದಿತ್ತು, ಕಣ್ಣು ಗುಳಿಬಿದ್ದಿತ್ತು.

"ಅಮ್ಮಾ, ಪಕ್ಕಕ್ಕೆ ಸರಿ. ಕ್ಯಾಮೆರಾಗೆ ಅಡ್ಡ ಬರ್ತಿದ್ದೀಯ."

ಅಮ್ಮ ತಿರುಗಿ ನೋಡಿದಳು. ಬೆನ್ನ ಹಿಂದೆ ಯಾರೂ ಇರಲಿಲ್ಲ.

"ನೀರು ಯಾವಾಗ ಕುಡಿದೆ ಪುಟ್ಟಾ?" ಸೂಜಿಯಕ್ಕ ಕೇಳಿದಳು.

"ನಿನ್ನೆ ಬೆಳಿಗ್ಗೆ. ಶೋಲಿರೋರೆಲ್ಲ ನೀರಿಲ್ದೆ ಇನ್ನೂ ಜಾಸ್ತಿ ಹೊತ್ತು ಇರ್ತಾರೆ…" ಎನ್ನುತ್ತ ಎದ್ದವಳು ಅಲ್ಲೇ ಕುಸಿದಳು.

"ಮಾತು ತೊದಲ್ತಿದೆ. ಇದು ಮನೇಲಿ ಇಟ್ಕೊಂಡು ನೋಡೋದಲ್ಲ. ಗಾಡಿ ಕರಿ, ಬೇಗ!"

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಸಂಜೆಗೆ ಹುಡುಗಿಯ ಕಣ್ಣಿಗೆ ಜೀವ ಬಂತು. ಅಲ್ಲಿಯವರೆಗೆ ದರ್ಜಿಯಮ್ಮ ಅವಳ ಕೈ ಬಿಟ್ಟಿರಲಿಲ್ಲ.

"ಇವತ್ತೇ ಆ ಟೀವಿ ಒಡೆದು ಹಾಕ್ತೀನಿ!"

"ಟೀವಿ ಏನು ಮಾಡ್ತು ಪಾಪ? ನಾಳೆ ಗೆಳತಿ ಮನೇಲಿ ನೋಡ್ತಾಳೆ," ಎಂದಳು ಸೂಜಿಯಕ್ಕ. "ಆ ಶೋನಲ್ಲಿ ಕ್ಯಾಮೆರಾ ಮುಂದೆ ಪಿಸುಗುಟ್ಟೋರು ದೊಡ್ಡವರು, ತಯಾರಾಗಿ ಹೋದವರು. ಕ್ಯಾಮೆರಾ ಹಿಂದೆ ಸಾಮಾನ್ಯವಾಗಿ ನೀರು, ಡಾಕ್ಟರು, ಗಾಡಿ ಎಲ್ಲಾ ಇರುತ್ತೆ. ನಮಗೆ ಕಾಣಲ್ಲ ಅಷ್ಟೇ. ಕೋಟಿನ ಒಳಹೊಲಿಗೆ ಹೊರಗೆ ಕಾಣುತ್ತಾ?"

ದರ್ಜಿಯಮ್ಮ ಮಗಳ ತಲೆ ನೇವರಿಸಿದಳು. "ಆ ಮಿಲ್ಲಲ್ಲಿ ನಿನ್ನ ಕ್ಯಾಮೆರಾ ಹಿಡಿದಿದ್ದು ಯಾರು ಕಂದಾ?"

ಹುಡುಗಿ ಅಮ್ಮನ ಕಡೆ ತಿರುಗಿದಳು. "ಯಾರೂ ಇರ್ಲಿಲ್ಲ ಅಮ್ಮ," ಎಂದವಳು ಬಿಕ್ಕಿ ಬಿಕ್ಕಿ ಅತ್ತಳು.

ಈಗ ಆ ಶೋ ಬಂದರೆ ದರ್ಜಿಯಮ್ಮ ಕೆಲಸ ಬಿಟ್ಟು ಮಗಳ ಪಕ್ಕ ಕೂರುತ್ತಾಳೆ. ಯಾರಾದರೂ ಹಸಿದು ನರಳಿದರೆ ಮಗಳೇ ಕೇಳುತ್ತಾಳೆ: "ಇದನ್ನ ಶೂಟ್ ಮಾಡ್ತಿರೋರು ಊಟ ಮಾಡಿರ್ತಾರೆ, ಅಲ್ವಾಮ್ಮ?"

ಹೆತ್ತವರೇ, ಇಂಥ ಶೋ ಯಾವ ವಯಸ್ಸಿನವರಿಗೆ ಅಂತ ಪರದೆಯ ಮೇಲೆ ಬರೆದಿದ್ದರೆ ಓದಿ. ಬೆಳೆಯುವ ಮಕ್ಕಳನ್ನು ಅದರ ಮುಂದೆ ಒಂಟಿಯಾಗಿ ಬಿಡಬೇಡಿ. ಮಕ್ಕಳು ಅನ್ನ ನೀರು ಬಿಟ್ಟರೆ ಅದನ್ನು ಆಟ ಅಂದುಕೊಂಡು ಸುಮ್ಮನಿರಬೇಡಿ, ವೈದ್ಯರಿಗೆ ತೋರಿಸಿ. ಒಳಕೋಣೆಯಿಂದ ಪಿಸುಮಾತು ಕೇಳಿದರೆ ಕೈಯಲ್ಲಿರುವ ಕೆಲಸ ಬಿಟ್ಟು ಎದ್ದು ಹೋಗಿ. ಅಲ್ಲಿ ನಿಮ್ಮ ಮಗುವನ್ನು ನೋಡುತ್ತಿರುವವರು ಬೇರೆ ಯಾರೂ ಇಲ್ಲ.