ಹತ್ತು ಪಾಯಿಂಟ್ ಎಂಟು

ಬಸವಕಲ್ಯಾಣದಿಂದ ಹುಮನಾಬಾದಿನ ಡಿಗ್ರಿ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಬರುವ ಮೀನಾಜ್, ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಭೌತಶಾಸ್ತ್ರದ ಸೂತ್ರಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಪಿಯುಸಿಯಲ್ಲಿ ಹೀಗೆಯೇ ಪಾರಾಗಿದ್ದಳು. ಬಿಎಸ್ಸಿ ಮೊದಲ ಸೆಮಿಸ್ಟರಿನಲ್ಲಿ ಮಾತ್ರ ಅದು ಕೈಕೊಟ್ಟಿತು. ಲೆಕ್ಕಗಳನ್ನು ತುಸು ತಿರುಚಿ ಕೇಳಿದ್ದರು. ಎಂಬತ್ತಕ್ಕೆ ಇಪ್ಪತ್ತೊಂದು ಬಂತು. ತನ್ನ ತಲೆಯೇ ಇಷ್ಟು ಎಂದುಕೊಂಡಳು.

ಎರಡನೆಯ ಸೆಮಿಸ್ಟರಿನಲ್ಲಿ ಲೋಲಕದ ಪ್ರಯೋಗ ಬಂತು. ದಾರಕ್ಕೆ ಕಟ್ಟಿದ ಗುಂಡು ಇಪ್ಪತ್ತು ಸಲ ತೂಗುವ ಹೊತ್ತನ್ನು ಅಳೆದು, ಭೂಮಿಯ ಸೆಳೆತವನ್ನು ಲೆಕ್ಕ ಹಾಕಬೇಕು. ಪುಸ್ತಕದಲ್ಲಿ 9.8, ಮೀನಾಜಳಿಗೆ 10.8 ಬಂತು.

"ಒಂಬತ್ತು ಪಾಯಿಂಟ್ ಎಂಟು ಅಂತ ಬರಿ. ಎಲ್ಲಾರೂ ಹಂಗೇ ಬರದಾರ," ಎಂದು ಪಕ್ಕದ ಗೆಳತಿ ಸಪ್ನಾ ಪಿಸುಗುಟ್ಟಿದಳು. ಮೀನಾಜ್ ಅಳಿಸಿ ಬರೆದಳು.

ಅಳಿಸಿದ ಗುರುತಿನ ಮೇಲೆ ಭೌತಶಾಸ್ತ್ರ ಕಲಿಸುವ ಕೇಶರಬಾಯಿ ಮೇಡಂ ಬೆರಳಿಟ್ಟರು. "ಇದು ನಿನ್ನ ಅಳತೀನೋ, ಪುಸ್ತಕದ್ದೋ?"

"ಪುಸ್ತಕದ್ದು ರೀ. ನಂದು ತಪ್ಪು ಬಂದಿತ್ರಿ."

ಮೇಡಂ ಬೈಯಲಿಲ್ಲ. "ತಪ್ಪು ಬಂದ್ರ ಬರ್ಲಿ. ಯಾಕ ಬಂತು ಅಂತ ಹುಡುಕಬೇಕು. ನಾಳಿಂದ ಊಟದ ಹೊತ್ತಿನ್ಯಾಗ ಲ್ಯಾಬ್ ತೆರೀತೀನಿ, ಬಾ."

ಮರುದಿನ ದಾರವನ್ನು ಮತ್ತೆ ಅಳೆದಳು, ಸರಿಯಿತ್ತು. ಸ್ಟಾಪ್‌ವಾಚ್ ಬದಲಿಸಿದಳು, ಮತ್ತೆ 10.8. ಮೂರನೆಯ ದಿನ ಬೇಸತ್ತು ಹತ್ತೇ ತೂಗಾಟ ಎಣಿಸಿದಳು. 12.1! ನಲವತ್ತು ಎಣಿಸಿದರೆ 10.3. ಎಣಿಕೆ ಹೆಚ್ಚಿದಷ್ಟೂ ತಪ್ಪು ಕುಗ್ಗುತ್ತಿದೆ. ಹಾಗಾದರೆ ದೋಷ ಎಣಿಸುವುದರಲ್ಲೇ ಇರಬೇಕು. ಗುಂಡನ್ನು ತೂಗಬಿಟ್ಟು, ಎಣಿಸುವ ತನ್ನ ದನಿಯನ್ನೇ ಆಲಿಸಿದಳು. ಸ್ಟಾಪ್‌ವಾಚ್ ಒತ್ತುವಾಗಲೇ "ಒಂದು" ಎನ್ನುತ್ತಿದ್ದಳು. ಇಪ್ಪತ್ತು ಎಂದುಕೊಂಡದ್ದು ಬರೀ ಹತ್ತೊಂಬತ್ತು!

"ಮೇಡಂ, ಸೊನ್ನೆಯಿಂದ ಎಣಸಬೇಕಿತ್ರಿ!"

ಮೇಡಂ ನಕ್ಕರು. "ನನಗ ಮೊದಲೇ ಅನುಮಾನ ಇತ್ತು. ಹೇಳಿದ್ರ ನೀ ಅದನ್ನೂ ಬಾಯಿಪಾಠ ಮಾಡ್ತಿದ್ದಿ."

ಅಂದಿನಿಂದ ಓದು ನಿಧಾನವಾಯಿತು. ಸೂತ್ರ ಎಲ್ಲಿಂದ ಬಂತೆಂದು ತಿಳಿಯದೆ ಮುಂದಿನ ಪುಟ ತಿರುವುತ್ತಿರಲಿಲ್ಲ. ಪರೀಕ್ಷೆಯಲ್ಲಿ, ಬ್ರೇಕ್ ಹಾಕಿದ ಲಾರಿ ಹನ್ನೊಂದು ಕಿಲೋಮೀಟರ್ ದಾಟಿ ನಿಲ್ಲುತ್ತದೆಂದು ಉತ್ತರ ಬಂದಾಗ ನಗು ಬಂತು. ಹೊಡೆದುಹಾಕಿ ಮತ್ತೆ ಮಾಡಿದಳು. ಒಂದು ಪ್ರಶ್ನೆಗೆ ಹೊತ್ತೇ ಸಾಲಲಿಲ್ಲ. ಆದರೂ ಐವತ್ತೊಂದು ಬಂತು. ಮೊದಲ ಸೆಮಿಸ್ಟರಿನಲ್ಲಿ ಫೇಲಾಗಿದ್ದ ಪೇಪರೂ ಪಾಸಾಯಿತು.

"ಏನ್ ಮಾಡಿದಿ, ಹೇಳ ನೋಡೂಣು," ಎಂದು ಸಪ್ನಾ ಗಂಟುಬಿದ್ದಳು.

"ಗುಟ್ಟೇನಿಲ್ಲವ್ವಾ, ಹೊತ್ತು ಭಾಳ ಹಿಡಿತದ ಅಷ್ಟೇ. ಕುಂದ್ರು, ಒಂದು ಲೆಕ್ಕ ಬಿಡಸೂಣು."

ಕಾಲೇಜಿನ ಮೆಟ್ಟಿಲ ಮೇಲೆ ಕೂತ ಇಬ್ಬರೂ ಬೆಲ್ಲಾಗುವವರೆಗೆ ಆ ಒಂದೇ ಲೆಕ್ಕಕ್ಕೆ ಜಗಳಾಡಿದರು.